3000ಕ್ಕೆ 13 ಕಮ್ಮಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಬಾರಿ ಈ ಅಂಕಣದಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಪಿಚರ್ ಕ್ಲೇಟನ್ ಕರ್ಶಾ ಬಗ್ಗೆ ಎರಡು ಸಾಲು ಬರೆದಿದ್ದೆ. 2025ರ ಜುಲೈ 2ರಂದು ಅವನು ತನ್ನ 3000ನೇ ಸ್ಟ್ರೈಕ್‌ಔಟ್ (ಚೆಂಡನ್ನು ಮೈದಾನದೊಳಗೆ ಹೊಡೆಯಲು ಬಿಡದೆ ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡೋದು) ಮಾಡಿದ, ಆ ವರ್ಷದ ಆಟ ಮುಗಿಸಿ ನಿವೃತ್ತನಾದ, ಇಷ್ಟೇ ಬರೆದದ್ದು. ಅದಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬೈದವರೂ ಇದ್ದಾರೆ, "ಕ್ರಿಕೆಟ್ ಬಿಟ್ಟು ಇದೆಲ್ಲ ಯಾಕೆ" ಅಂತ. ಆದರೆ ಕುತೂಹಲದಿಂದ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲದ ಪುಟವೆಲ್ಲ ಬೇಸ್‌ಬಾಲ್‌ಗೆ.

ಪ್ರಶ್ನೆ: 3000 ಹಿಟ್ ಹೊಡೆದವನು ಮಹಾ ಆಟಗಾರ ಅಂತಾರೆ. 2987 ಹೊಡೆದವನು ಅಲ್ವಾ? ಮೊದಲು ಹಿಟ್ ಅಂದ್ರೆ ಏನು ಹೇಳಿ.
(ಕಾಲೇಜು ವಿದ್ಯಾರ್ಥಿ, ಮೈಸೂರು)

2987 ಅಂತ ನೀವು ಸುಮ್ನೆ ಬರೆದಿರೋ, ಗೊತ್ತಿದ್ದೇ ಬರೆದಿರೋ? ಗೊತ್ತಿಲ್ಲದೇ ಬರೆದಿದ್ದರೆ ಲಾಟರಿ ಟಿಕೆಟ್ ತಗೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಹಿಟ್. ಪಿಚರ್ ಎಸೆದ ಚೆಂಡನ್ನು ಬ್ಯಾಟರ್ ಹೊಡೆದು, ಎದುರಾಳಿಗಳ ಎಡವಟ್ಟಿನ ಸಹಾಯ ಇಲ್ಲದೆ, ಔಟಾಗದೆ ಒಂದನೇ ಬೇಸ್‌ನಾದರೂ (ಓಡಿ ಸುತ್ತಬೇಕಾದ ನಾಲ್ಕು ಗುರುತುಗಳಲ್ಲಿ ಮೊದಲನೆಯದು) ಮುಟ್ಟಿದರೆ ಅದು ಒಂದು ಹಿಟ್. ಎರಡನೇ ಬೇಸ್ ತನಕ ಹೋದರೂ ಒಂದೇ ಹಿಟ್, ಬೇಲಿಯಾಚೆ ಹೊಡೆದು ಹೋಮ್ ರನ್ ಮಾಡಿದರೂ ಒಂದೇ ಹಿಟ್. ಫೀಲ್ಡರ್ ಚೆಂಡು ಕೈಬಿಟ್ಟಿದ್ದರಿಂದ ಬಚಾವಾದರೆ ಹಿಟ್ ಇಲ್ಲ, ಅದು ಎರರ್. ಯಾವುದು ಹಿಟ್, ಯಾವುದು ಎರರ್ ಅಂತ ತೀರ್ಮಾನ ಮಾಡೋದು ಅಂಪೈರ್ ಅಲ್ಲ, ಮೇಲೆ ಕೂತಿರುವ ಅಧಿಕೃತ ಸ್ಕೋರರ್. ಇದನ್ನು ನೆನಪಿಡಿ, ಮುಂದೆ ಎರಡು ಸಲ ಬೇಕಾಗುತ್ತೆ.

ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಹೊಡೆದರೆ ಆ ಆಟದಲ್ಲಿ ಒಳ್ಳೆಯ ಬ್ಯಾಟರ್. ಏಳು ಸಲ ಸೋತರೂ ಒಳ್ಳೆಯವನು! ಈಗ ವರ್ಷಕ್ಕೆ 162 ಪಂದ್ಯ. ವರ್ಷಕ್ಕೆ 200 ಹಿಟ್ ಹೊಡೆದರೆ 3000ಕ್ಕೆ 15 ವರ್ಷ ಬೇಕು. 150 ಹೊಡೆದರೆ 20 ವರ್ಷ. ಅಂದರೆ ಚೆನ್ನಾಗಿ ಆಡಿದರೆ ಸಾಲದು, ಮಂಡಿ, ಬೆನ್ನು, ಭುಜ ಎಲ್ಲವೂ ಇಪ್ಪತ್ತು ವರ್ಷ ಬಾಳಬೇಕು. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಇಷ್ಟು ವರ್ಷದ ಇತಿಹಾಸದಲ್ಲಿ ಇದನ್ನು ದಾಟಿದವರು 33 ಜನ. ಕೊನೆಯವನು ಡೆಟ್ರಾಯಿಟ್‌ನ ಮಿಗೆಲ್ ಕಬ್ರೆರಾ, 2022ರ ಏಪ್ರಿಲ್‌ನಲ್ಲಿ.

ಈಗ ನಿಮ್ಮ 2987. ಅದು ಸ್ಯಾಮ್ ರೈಸ್ ಅನ್ನುವವನ ನಿಜವಾದ ಲೆಕ್ಕ. ವಾಷಿಂಗ್ಟನ್ ಸೆನೆಟರ್ಸ್ ತಂಡದಲ್ಲಿ ವರ್ಷಗಟ್ಟಲೆ ಆಡಿ, 1934ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಆಟ ಮುಗಿಸಿದ. ಆಗ ವಯಸ್ಸು 44. ಇನ್ನು 13 ಹಿಟ್, ಎರಡು ವಾರದ ಕೆಲಸ. ಯಾಕೆ ಬಿಟ್ಟ? ತನ್ನ ಹಿಟ್ ಎಷ್ಟು ಅಂತ ಅವನಿಗೇ ಗೊತ್ತಿರಲಿಲ್ಲ! ಒಂದೆರಡು ವರ್ಷ ಆದಮೇಲೆ ಸೆನೆಟರ್ಸ್ ಮಾಲೀಕರು ಕರೆದು, "ಬಂದು ಆ 13 ಮುಗಿಸ್ತೀಯಾ" ಅಂತ ಕೇಳಿದರಂತೆ. ಮೈ ಬಗ್ಗಲ್ಲ, ಬೇಡ ಅಂದನಂತೆ. ವಯಸ್ಸಾದ ಮೇಲೆ ಅವನೇ ಹೇಳಿಕೊಂಡ ಮಾತು ಇದು: ಈಗಿನ ಹಾಗೆ ರೇಡಿಯೋ, ಟಿವಿಯವರು ಪ್ರತಿ ಸಲವೂ ಲೆಕ್ಕ ಕೂಗುತ್ತಿದ್ದರೆ ನಾನೂ ಉಳಿದುಕೊಂಡು ಹೊಡೆದು ಹೋಗುತ್ತಿದ್ದೆ ಅಂತ.

1963ರಲ್ಲಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದರು, ಅದು ಮಹಾ ಆಟಗಾರರಿಗೆ ಕೊಡುವ ದೊಡ್ಡ ಗೌರವ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ, 2987 ಹೊಡೆದವನೂ ಮಹಾ ಆಟಗಾರನೇ. ಬರೀ ಆ 33 ಜನರ ಪಟ್ಟಿಯಲ್ಲಿ ಹೆಸರಿಲ್ಲ.

ಪ್ರಶ್ನೆ: ಈ 3000, 500, 300 ಎಲ್ಲ ಯಾರು ನಿಗದಿ ಮಾಡಿದ್ದು? ನಿಯಮದ ಪುಸ್ತಕದಲ್ಲಿ ಇದೆಯೇ?
(ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ)

ಯಾರೂ ಇಲ್ಲ ಸಾರ್, 3000 ಹಿಟ್, 500 ಹೋಮ್ ರನ್, ಪಿಚರ್‌ಗೆ 300 ಗೆಲುವು, ಯಾವುದೂ ಯಾವ ನಿಯಮದಲ್ಲೂ ಇಲ್ಲ. ನೀವು ಬ್ಯಾಂಕಿನಲ್ಲಿದ್ದವರು, ಜನಕ್ಕೆ ರೌಂಡ್ ಫಿಗರ್ ಮೇಲೆ ಎಷ್ಟು ಮೋಹ ಅಂತ ನನಗಿಂತ ಚೆನ್ನಾಗಿ ಗೊತ್ತು. ಆದರೆ ಒಂದು ತಮಾಷೆ ನೋಡಿ. ನಾವು ಮದುವೆ ಮನೆಗೆ ಮುಯ್ಯಿ ಕೊಡುವಾಗ 500 ಕೊಡಲ್ಲ, 501 ಕೊಡುತ್ತೇವೆ. ಸೊನ್ನೆಗೆ ನಿಲ್ಲಬಾರದು, ಮುಂದುವರೀಬೇಕು ಅಂತ. ಅಮೆರಿಕದವರಿಗೆ ಆ ಸೊನ್ನೆಯೇ ಬೇಕು.

ಈ ಮೋಹ ಮೊದಲಿಂದ ಇದ್ದದ್ದೂ ಅಲ್ಲ. ಹಿಂದಿನವರ ಲೆಕ್ಕವೇ ನೆಟ್ಟಗಿರಲಿಲ್ಲ. 3000 ದಾಟಿದ ಮೊದಲಿಗ ಅಂತ ಹೇಳುವ ಕ್ಯಾಪ್ ಆ್ಯನ್ಸನ್ 1897ರ ತನಕ ಆಡಿದವನು. ಅವನ ಹಿಟ್‌ಗಳು ಎಷ್ಟು ಅಂತ ಇವತ್ತಿಗೂ ಒಂದೊಂದು ಕಡೆ ಒಂದೊಂದು ಸಂಖ್ಯೆ ಸಿಗುತ್ತೆ. 1887ರಲ್ಲಿ ಒಂದು ವರ್ಷ ಮಾತ್ರ ವಾಕ್ (ಪಿಚರ್‌ನ ಚೆಂಡುಗಳು ಆಚೆ ಹೋದದ್ದಕ್ಕೆ ಪುಕ್ಕಟೆಯಾಗಿ ಸಿಗುವ ಒಂದನೇ ಬೇಸ್) ಅನ್ನೂ ಹಿಟ್ ಅಂತಲೇ ಬರೆದಿದ್ದರು, ಅದನ್ನು ಸೇರಿಸಬೇಕೋ ಬಿಡಬೇಕೋ ಅನ್ನೋದು ಜಗಳದ ಒಂದು ಭಾಗ. ಲೆಕ್ಕವೇ ಜಾರುತ್ತಿದ್ದಾಗ ಸೊನ್ನೆಗೆ ಎಲ್ಲಿಯ ಬೆಲೆ?

1942ರ ಹೊತ್ತಿಗೆ ಗಾಳಿ ಬದಲಾಗಿತ್ತು. ಅದಕ್ಕೆ ಪಾಲ್ ವೇನರ್ ಸಾಕ್ಷಿ. ಬಾಸ್ಟನ್ ಬ್ರೇವ್ಸ್ ತಂಡದಲ್ಲಿ 2999ಕ್ಕೆ ನಿಂತಿದ್ದಾನೆ. ಒಂದು ಚೆಂಡು ಹೊಡೆದ, ಅದು ಫೀಲ್ಡರ್‌ನ ಗ್ಲೌಸಿಗೆ ತಾಗಿ ಆಚೆ ಹೋಯಿತು. ಹಿಟ್ಟೂ ಅನ್ನಬಹುದು, ಎರರ್ರೂ ಅನ್ನಬಹುದು. ವೇನರ್ ಒಂದನೇ ಬೇಸ್ ಮೇಲೆ ನಿಂತು ಸ್ಕೋರರ್ ಕಡೆ ತಿರುಗಿ, ಬೇಡ ಬೇಡ ಅಂತ ತಲೆ ಆಡಿಸಿದ. 3000ನೆಯದು ಇಂಥ ಅರೆಬರೆ ಹಿಟ್ ಆಗಬಾರದು ಅಂತ. ಸ್ಕೋರರ್ ಎರರ್ ಅಂತ ಬರೆದ. ಎರಡು ದಿನ ಬಿಟ್ಟು, ಜೂನ್ 19ರಂದು, ತನ್ನ ಹಳೆಯ ತಂಡ ಪಿಟ್ಸ್‌ಬರ್ಗ್ ವಿರುದ್ಧವೇ ಯಾರೂ ಬೆರಳು ತೋರಿಸದ ಹಾಗೆ ಒಂದು ಹೊಡೆದ. ಎಂಟೇ ವರ್ಷದ ಹಿಂದೆ ರೈಸ್‌ಗೆ ತನ್ನ ಲೆಕ್ಕವೇ ಗೊತ್ತಿರಲಿಲ್ಲ. ವೇನರ್ ಬಂದ ಹಿಟ್ಟನ್ನು ವಾಪಸ್ ಕಳಿಸುವಷ್ಟು ಆ ಸಂಖ್ಯೆ ದೊಡ್ಡದಾಗಿತ್ತು. ಎಣಿಸುವವರು ಹುಟ್ಟಿದ ಮೇಲೆ ಸಂಖ್ಯೆಗೆ ತೂಕ ಬಂತು ಅನ್ನೋದು ನನ್ನ ಅಭಿಪ್ರಾಯ, ಒಪ್ಪದವರು ಪತ್ರ ಬರೆಯಿರಿ.

ಪ್ರಶ್ನೆ: ನನ್ನ ಮಗ ಇಲ್ಲೇ ಹುಟ್ಟಿ ಬೆಳೆದವನು, ಬೆನ್ನ ಮೇಲೆ 21 ಅಂತ ಬರೆದ ಶರ್ಟ್ ಹಾಕಿಕೊಂಡು ಓಡಾಡುತ್ತಾನೆ. ಕೇಳಿದರೆ "ಅಮ್ಮಾ, ಕ್ಲೆಮೆಂಟೆ, ಕರೆಕ್ಟಾಗಿ 3000" ಅಂತಾನೆ. ಆ ಕಥೆ ಕನ್ನಡದಲ್ಲಿ ಓದಬೇಕು ಅಂತ ಆಸೆ.
(ನ್ಯೂಜೆರ್ಸಿಯಿಂದ ಒಬ್ಬ ತಾಯಿ)

ಮೇಡಂ, ನಿಮ್ಮ ಮಗನ ಆಯ್ಕೆಗೆ ನನ್ನ ಮೆಚ್ಚುಗೆ ತಿಳಿಸಿ.

ರೊಬೆರ್ಟೊ ಕ್ಲೆಮೆಂಟೆ ಪೋರ್ಟೊ ರಿಕೊದ ಕರೊಲಿನಾ ಊರಿನವನು, ಹುಟ್ಟಿದ್ದು 1934ರಲ್ಲಿ. 1955ರಿಂದ 1972ರ ತನಕ, 18 ವರ್ಷ, ಆಡಿದ್ದೆಲ್ಲ ಒಂದೇ ತಂಡಕ್ಕೆ, ಪಿಟ್ಸ್‌ಬರ್ಗ್ ಪೈರೇಟ್ಸ್. ಕಪ್ಪು ಮೈಬಣ್ಣ, ಮಾತೃಭಾಷೆ ಸ್ಪ್ಯಾನಿಶ್, ಆ ಕಾಲದ ಅಮೆರಿಕ. ಅವನ ಹೆಸರನ್ನೂ ನೆಟ್ಟಗೆ ಹೇಳದೆ ಪತ್ರಿಕೆಯವರು "ಬಾಬ್" ಅಂತ ಬರೆಯುತ್ತಿದ್ದರು. ಅವನಿಗೆ ಅದು ಸಿಟ್ಟು ತರಿಸುತ್ತಿತ್ತು.

1972ರ ಸೆಪ್ಟೆಂಬರ್ ಕೊನೆ. 2999 ಆಗಿದೆ. 29ರ ರಾತ್ರಿ ಮೊದಲ ಇನಿಂಗ್ಸ್‌ನಲ್ಲೇ ಒಂದು ಹೊಡೆದ, ಎರಡನೇ ಬೇಸ್ ಹತ್ತಿರದ ಫೀಲ್ಡರ್ ಅದನ್ನು ನೆಟ್ಟಗೆ ಹಿಡಿಯಲಿಲ್ಲ. ಜನ ಎದ್ದು ನಿಂತರು. ಸ್ಕೋರರ್ ಎರರ್ ಅಂದ. ಕ್ಲೆಮೆಂಟೆಗೆ ತುಂಬಾ ಬೇಜಾರಾಯಿತು. ಮಾರನೇ ದಿನ, ಸೆಪ್ಟೆಂಬರ್ 30, ಪಿಟ್ಸ್‌ಬರ್ಗ್‌ನ ತ್ರೀ ರಿವರ್ಸ್ ಸ್ಟೇಡಿಯಂ. ನೋಡೋಕೆ ಬಂದವರು ಹದಿಮೂರು ಸಾವಿರ ಚಿಲ್ಲರೆ ಜನ, ಸ್ಟೇಡಿಯಂನಲ್ಲಿ ಮುಕ್ಕಾಲು ಭಾಗ ಖಾಲಿ. ನಾಲ್ಕನೇ ಇನಿಂಗ್ಸ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜಾನ್ ಮ್ಯಾಟ್‌ಲ್ಯಾಕ್ ಎಸೆದ ಚೆಂಡನ್ನು ಎಡಗಡೆ ಗ್ಯಾಪ್‌ಗೆ ಹೊಡೆದು ಎರಡನೇ ಬೇಸ್ ಮೇಲೆ ನಿಂತ. ಟೋಪಿ ಎತ್ತಿದ. 3000.

ಆ ವರ್ಷದ ಲೀಗ್ ಪಂದ್ಯಗಳಲ್ಲಿ ಅವನು ಮತ್ತೆ ಹಿಟ್ ಹೊಡೆಯಲಿಲ್ಲ. ಪ್ಲೇಆಫ್‌ನಲ್ಲಿ ಸಿನ್ಸಿನಾಟಿ ವಿರುದ್ಧ ಹೊಡೆದ, ಆದರೆ ಪ್ಲೇಆಫ್‌ನ ಹಿಟ್‌ಗಳನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಮುಂದಿನ ವರ್ಷ ಇದ್ದೇ ಇದೆಯಲ್ಲ, ಅಂತ ಎಲ್ಲರೂ ಅಂದುಕೊಂಡರು.

ಡಿಸೆಂಬರ್ 23ರಂದು ನಿಕರಾಗುವಾದ ರಾಜಧಾನಿ ಮನಾಗುವಾದಲ್ಲಿ ಭೂಕಂಪ ಆಯಿತು. ಕ್ಲೆಮೆಂಟೆ ತಾನೇ ನಿಂತು ಪರಿಹಾರದ ಸಾಮಾನು ಕೂಡಿಸಿ ಕಳಿಸಿದ. ಕಳಿಸಿದ್ದು ಜನಕ್ಕೆ ತಲುಪುತ್ತಿಲ್ಲ, ಮಧ್ಯದಲ್ಲೇ ಮಾಯ ಆಗುತ್ತಿದೆ ಅಂತ ಸುದ್ದಿ ಬಂತು. ನಾನೇ ಹೋಗುತ್ತೇನೆ, ನಾನಿದ್ದರೆ ಯಾರೂ ಮುಟ್ಟಲ್ಲ ಅಂತ ಡಿಸೆಂಬರ್ 31ರ ರಾತ್ರಿ ಸ್ಯಾನ್ ಹುವಾನ್‌ನಿಂದ ಒಂದು ಹಳೆಯ ಸರಕು ವಿಮಾನ ಹತ್ತಿದ. ವಿಮಾನಕ್ಕೆ ಭಾರ ಜಾಸ್ತಿ ಆಗಿತ್ತು. ಹಾರಿದ ಸ್ವಲ್ಪ ಹೊತ್ತಿಗೆ ಸಮುದ್ರಕ್ಕೆ ಬಿತ್ತು. ಅವನ ದೇಹ ಸಿಗಲೇ ಇಲ್ಲ. 38 ವರ್ಷ.

ಹಾಲ್ ಆಫ್ ಫೇಮ್‌ಗೆ ಸೇರಲು ಆಟ ಬಿಟ್ಟು ಐದು ವರ್ಷ ಕಾಯಬೇಕು. ಅವನಿಗೆ ಆ ನಿಯಮ ಬಿಟ್ಟು 1973ರಲ್ಲೇ ಸೇರಿಸಿದರು. ಲ್ಯಾಟಿನ್ ಅಮೆರಿಕದಿಂದ ಬಂದು 3000 ಮುಟ್ಟಿದವರಲ್ಲಿ ಅವನೇ ಮೊದಲಿಗ.

ಮೇಲೆ ಮುಯ್ಯಿ ವಿಷಯ ಬರೆದೆನಲ್ಲ, ಸೊನ್ನೆಗೆ ನಿಲ್ಲಬಾರದು ಅಂತ. ಅದನ್ನು ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಈ ಸೊನ್ನೆಗಳೇ.

ಪ್ರಶ್ನೆ: 90 ದಾಟಿದ ಮೇಲೆ ಕುಂಟುತ್ತಾ ಆಡುವ ನಮ್ಮ ಬ್ಯಾಟ್ಸ್‌ಮನ್‌ಗಳ ಹಾಗೆ ಅಲ್ಲೂ ಸ್ವಂತ ಸಂಖ್ಯೆಗೋಸ್ಕರ ಆಡುತ್ತಾರಾ?
(ಹುಬ್ಬಳ್ಳಿ)

ಆಡುತ್ತಾರೆ, ಅದಕ್ಕೆ ಲೆಕ್ಕದ ಪುರಾವೆಯೂ ಇದೆ. ಬ್ಯಾಟಿಂಗ್ ಸರಾಸರಿ .300 ಅಂದರೆ ಹತ್ತಕ್ಕೆ ಮೂರು. ಅದು ಅಲ್ಲಿಯ ಫಸ್ಟ್ ಕ್ಲಾಸ್. .299 ಅಂದರೆ ಸಾವಿರ ಸಲ ಬ್ಯಾಟ್ ಹಿಡಿದರೆ ಒಂದು ಹಿಟ್ ಕಮ್ಮಿ, ಅಷ್ಟೇ ವ್ಯತ್ಯಾಸ. ಡೆವಿನ್ ಪೋಪ್, ಯೂರಿ ಸೈಮನ್ಸನ್ ಅನ್ನುವ ಇಬ್ಬರು ಸಂಶೋಧಕರು ದಶಕಗಳ ಅಂಕಿಅಂಶ ಕೂಡಿಸಿ 2011ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವರ್ಷದ ಕೊನೆಗೆ .299ರಲ್ಲಿ ನಿಂತವರಿಗಿಂತ .300ರಲ್ಲಿ ನಿಂತವರು ಎಷ್ಟೋ ಜಾಸ್ತಿ. ಯಾಕೆ? .300 ಆದವನು ಸದ್ದಿಲ್ಲದೆ ಬೆಂಚಿನ ಮೇಲೆ ಕೂರುತ್ತಾನೆ, ಅವನ ಬದಲು ಇನ್ನೊಬ್ಬ ಬ್ಯಾಟ್ ಹಿಡಿಯುತ್ತಾನೆ. .299ರವನು ಕೊನೆಯ ಅವಕಾಶದಲ್ಲಿ ಏನೇ ಬಂದರೂ ಬೀಸುತ್ತಾನೆ. ನಾಲ್ಕು ಚೆಂಡು ಆಚೆ ಹೋದರೆ ವಾಕ್, ಅಂದರೆ ಪುಕ್ಕಟೆಯಾಗಿ ಒಂದನೇ ಬೇಸ್ ಸಿಗುತ್ತೆ, ತಂಡಕ್ಕೆ ಅದೂ ಒಳ್ಳೆಯದೇ. ಆದರೆ ವಾಕ್‌ನಿಂದ ಸರಾಸರಿ ಏರಲ್ಲ. ಅವರು ನೋಡಿದ ಲೆಕ್ಕದಲ್ಲಿ .299ರಲ್ಲಿದ್ದವರು ಕೊನೆಯ ಸಲ ಬ್ಯಾಟ್ ಹಿಡಿದಾಗ ಒಬ್ಬನೂ ವಾಕ್ ತಗೊಂಡಿರಲಿಲ್ಲ! ನಗು ಬರುತ್ತೆ, ಪಾಪ ಅಂತಲೂ ಅನ್ನಿಸುತ್ತೆ.

ಕೂರಬಹುದಾಗಿದ್ದರೂ ಕೂರದವನ ಕಥೆಯೂ ಇದೆ. 1941ರ ಕೊನೆಯ ದಿನ, ಸೆಪ್ಟೆಂಬರ್ 28, ಫಿಲಡೆಲ್ಫಿಯಾ. ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್‌ಗೆ 23 ವರ್ಷ, ಸರಾಸರಿ .39955. ಪುಸ್ತಕದಲ್ಲಿ ಅದನ್ನು .400 ಅಂತಲೇ ಬರೆಯುತ್ತಾರೆ. ಬೇಕಿದ್ದರೆ ಇವತ್ತು ಕೂತುಕೋ ಅಂತ ಮ್ಯಾನೇಜರ್ ಹೇಳಿದರೂ ಕೇಳಲಿಲ್ಲ. ಅವತ್ತು ಒಂದೇ ದಿನ ಎರಡು ಪಂದ್ಯ. ಎರಡೂ ಆಡಿದ, ಎಂಟಕ್ಕೆ ಆರು ಹಿಟ್ ಹೊಡೆದ, .406ಕ್ಕೆ ಮುಗಿಸಿದ. ಅದಾದ ಮೇಲೆ ಇವತ್ತಿನ ತನಕ ಮೇಜರ್ ಲೀಗ್‌ನ ಎರಡು ಭಾಗವಾದ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್‌ಗಳಲ್ಲಿ ಒಂದು ಪೂರ್ತಿ ಋತುವಿನಲ್ಲಿ .400 ಮಾಡಿದವರಿಲ್ಲ. ಮಿಕ್ಕಿ ಮ್ಯಾಂಟಲ್‌ದು ಇದರ ಉಲ್ಟಾ. 536 ಹೋಮ್ ರನ್ ಹೊಡೆದ ಮಹಾಶಯ, 1967 ಮುಗಿದಾಗ ಜೀವಮಾನದ ಸರಾಸರಿ .302. ಮಂಡಿ ಕೆಟ್ಟಿತ್ತು, ಆದರೂ ಇನ್ನೊಂದು ವರ್ಷ ಆಡಿದ, .298ಕ್ಕೆ ಇಳಿದು ನಿಂತಿತು. ಸಾಯೋತನಕ ಅದನ್ನು ಹೇಳಿಕೊಂಡು ಕೊರಗಿದ.

ನಮ್ಮವರ ಮಾತು ಎತ್ತಿದಿರಿ, ಹಾಗಾಗಿ ಎರಡು ನೆನಪು. (ಬೇಸ್‌ಬಾಲ್‌ನವರನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ದ್ರಾವಿಡ್ ಹೆಸರು ಬಂದರೆ ಕೈ ತಾನಾಗಿ ಬಹುವಚನ ಬರೆಯುತ್ತೆ, ಏನು ಮಾಡೋದು.) 2004ರಲ್ಲಿ ಮುಲ್ತಾನ್‌ನಲ್ಲಿ ಸಚಿನ್ 194ರಲ್ಲಿದ್ದಾಗ ದ್ರಾವಿಡ್ ಡಿಕ್ಲೇರ್ ಮಾಡಿದರು. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆಗೆ ಹತ್ತನೇ ವಿಕೆಟ್ ಸಿಗಲಿ ಅಂತ ಶ್ರೀನಾಥ್ ಇನ್ನೊಂದು ತುದಿಯಿಂದ ಬೇಕಂತಲೇ ಆಚೆ ಆಚೆ ಎಸೆದರು. ಇಬ್ಬರೂ ನಮ್ಮ ಕರ್ನಾಟಕದವರೇ. ಒಬ್ಬರು ಸೊನ್ನೆಗೆ ಕಾಯಲಿಲ್ಲ, ಇನ್ನೊಬ್ಬರು ಕಾದು ಕೊಡಿಸಿದರು. ನನಗೆ ಇಬ್ಬರೂ ಸರಿ ಅನ್ನಿಸುತ್ತೆ, ಇದರಲ್ಲಿ ತರ್ಕ ಹುಡುಕಬೇಡಿ.

ಪ್ರಶ್ನೆ: ಈ ಸಂಖ್ಯೆಗಳಿಂದ ದುಡ್ಡು ಸಿಗುತ್ತಾ?
(ತುಮಕೂರು)

ಸಿಗುತ್ತೆ, ಚೆನ್ನಾಗೇ ಸಿಗುತ್ತೆ. ಆಲ್ಬರ್ಟ್ ಪೂಹೋಲ್ಸ್ ಏಂಜಲ್ಸ್ ತಂಡದ ಜೊತೆ ಮಾಡಿಕೊಂಡ ಕರಾರಿನಲ್ಲಿ 3000ನೇ ಹಿಟ್‌ಗೆ ಅಂತಲೇ 30 ಲಕ್ಷ ಡಾಲರ್ ಇತ್ತು, 2018ರಲ್ಲಿ ಹೊಡೆದ. ಅಲೆಕ್ಸ್ ರಾಡ್ರಿಗೆಜ್‌ದು ಗಲಾಟೆ ಆಯಿತು. 660ನೇ ಹೋಮ್ ರನ್‌ಗೆ 60 ಲಕ್ಷ ಡಾಲರ್ ಅಂತ ಯಾಂಕೀಸ್ ಜೊತೆ ಒಪ್ಪಂದ. 660 ಯಾಕೆ ಅಂದರೆ ಅದು ಹಿಂದಿನ ಮಹಾ ಆಟಗಾರ ವಿಲ್ಲಿ ಮೇಸ್ ಹೊಡೆದ ಹೋಮ್ ರನ್‌ಗಳ ಸಂಖ್ಯೆ. ಮಧ್ಯದಲ್ಲಿ ಶಕ್ತಿ ಹೆಚ್ಚಿಸುವ ನಿಷೇಧಿತ ಔಷಧಿಯ ಪ್ರಕರಣದಲ್ಲಿ 2014 ಪೂರ್ತಿ ನಿಷೇಧವಾಯಿತು. 2015ರಲ್ಲಿ 660 ಹೊಡೆದಾಗ, ನಿನ್ನ ಹೆಸರಲ್ಲಿ ಈಗ ವ್ಯಾಪಾರ ಮಾಡೋಕಾಗಲ್ಲ, ಕೊಡಲ್ಲ ಅಂತ ತಂಡದವರು ಹೇಳಿದರು. ಕೊನೆಗೆ 35 ಲಕ್ಷ ಡಾಲರ್ ದಾನಕ್ಕೆ ಹೋಯಿತು. ಅದೇ ವರ್ಷ ಅವನ 3000ನೇ ಹಿಟ್ ಹೋಮ್ ರನ್ ಆಗಿ ಪ್ರೇಕ್ಷಕನೊಬ್ಬನ ಕೈಗೆ ಬಿತ್ತು. ಆತ ಚೆಂಡು ಕೊಡಲ್ಲ ಅಂದ. ಅವನು ಹೇಳಿದ ಸೇವಾ ಸಂಸ್ಥೆಗೆ ಯಾಂಕೀಸ್‌ನವರು ಒಂದೂವರೆ ಲಕ್ಷ ಡಾಲರ್ ಕೊಟ್ಟ ಮೇಲೆ ಚೆಂಡು ವಾಪಸ್ ಬಂತು.

ಪ್ರಶ್ನೆ: 500 ಹೋಮ್ ರನ್ ಹೊಡೆದವರೆಲ್ಲ ಹಾಲ್ ಆಫ್ ಫೇಮ್‌ಗೆ ಹೋಗುತ್ತಾರೆ ಅಂತ ಕೇಳಿದ್ದೆ. ನಿಜವೇ?
(ಉಡುಪಿ)

ಒಂದು ಕಾಲಕ್ಕೆ ನಿಜ ಇತ್ತು. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಅನ್ನುವ ಸಣ್ಣ ಊರಲ್ಲಿದೆ ಈ ಹಾಲ್ ಆಫ್ ಫೇಮ್. ಬೇಸ್‌ಬಾಲ್ ಬರೆಯುವ ಪತ್ರಕರ್ತರು ಓಟು ಹಾಕುತ್ತಾರೆ, ನೂರಕ್ಕೆ 75 ಬಂದರೆ ಒಳಗೆ. 500 ಹೊಡೆದಿದ್ದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು.

1999ರ ಆಗಸ್ಟ್ ಮೊದಲ ವಾರ ನೋಡಿ. 5ನೇ ತಾರೀಕು ಮಾರ್ಕ್ ಮೆಗ್ವೈರ್ 500ನೇ ಹೋಮ್ ರನ್. 6ಕ್ಕೆ ಟೋನಿ ಗ್ವಿನ್ 3000ನೇ ಹಿಟ್. 7ಕ್ಕೆ ವೇಡ್ ಬಾಗ್ಸ್ 3000ನೇ ಹಿಟ್, ಅದೂ ಹೋಮ್ ರನ್. ಓಡಿ ಬಂದು ಮಂಡಿಯೂರಿ ಹೋಮ್ ಪ್ಲೇಟ್‌ಗೆ ಮುತ್ತು ಕೊಟ್ಟ. ಸತತ ಮೂರು ದಿನ ಮೂರು ಹಬ್ಬ. ಗ್ವಿನ್, ಬಾಗ್ಸ್ ಇಬ್ಬರೂ ಮೊದಲ ಸಲಕ್ಕೇ ಒಳಗೆ ಹೋದರು. ಮೆಗ್ವೈರ್ ಇವತ್ತಿಗೂ ಹೊರಗೆ.

ಆಗಿದ್ದು ಇಷ್ಟು. ಮೆಗ್ವೈರ್‌ಗಿಂತ ಮುಂಚೆ ಅಷ್ಟು ವರ್ಷದ ಇತಿಹಾಸದಲ್ಲಿ 500 ದಾಟಿದವರು 15 ಜನ. 1999ರಿಂದ 2009ರ ಒಳಗೆ ಇನ್ನು ಹತ್ತು ಜನ ದಾಟಿದರು. ಸಂತೆಯಲ್ಲಿ ಟೊಮೆಟೊ ರಾಶಿ ಬಿದ್ದ ಹಾಗೆ. ಹಿಂದೆಯೇ ಸ್ಟೆರಾಯ್ಡ್ ಸುದ್ದಿ ಬಂತು. ಮೆಗ್ವೈರ್ ಆಮೇಲೆ ತಾನೇ ಒಪ್ಪಿಕೊಂಡ. ರಫೇಲ್ ಪಾಲ್ಮೇರೊ 2005ರ ಜುಲೈ 15ಕ್ಕೆ 3000ನೇ ಹಿಟ್ ಹೊಡೆದ. 500 ಹೋಮ್ ರನ್, 3000 ಹಿಟ್ ಎರಡೂ ಇರುವವರು ಇಲ್ಲಿಯ ತನಕ ಏಳೇ ಜನ, ಅವರಲ್ಲಿ ಇವನೊಬ್ಬ. ಆಗಸ್ಟ್ 1ಕ್ಕೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಿಷೇಧ. ಹಬ್ಬ ಮುಗಿದು ಮೂರು ವಾರವೂ ಆಗಿರಲಿಲ್ಲ. 2014ರಲ್ಲಿ ಶೇಕಡಾ 5 ಓಟೂ ಬರಲಿಲ್ಲ, ಪಟ್ಟಿಯಿಂದಲೇ ಹೊರಗೆ. ಜೀವಮಾನದಲ್ಲಿ 762 ಹೊಡೆದು ಎಲ್ಲರಿಗಿಂತ ಮೇಲಿರುವ ಬ್ಯಾರಿ ಬಾಂಡ್ಸ್‌ಗೂ ಪತ್ರಕರ್ತರು ಬಾಗಿಲು ತೆರೆಯಲಿಲ್ಲ.

ಈ ಗದ್ದಲದಲ್ಲಿ ನನಗೆ ಅಯ್ಯೋ ಅನ್ನಿಸೋದು ಫ್ರೆಡ್ ಮೆಗ್ರಿಫ್ ಬಗ್ಗೆ. 493 ಹೋಮ್ ರನ್. ಅವನ ಮೇಲೆ ಔಷಧಿಯ ಮಾತೇ ಇಲ್ಲ. 1994ರಲ್ಲಿ 34 ಹೊಡೆದು ಜೋರಾಗಿ ನುಗ್ಗುತ್ತಿದ್ದಾಗ ಆಗಸ್ಟ್ 12ಕ್ಕೆ ಆಟಗಾರರ ಮುಷ್ಕರ ಶುರುವಾಗಿ ಉಳಿದ ಪಂದ್ಯಗಳೆಲ್ಲ ರದ್ದಾದವು. ಮುಷ್ಕರ ಆಗದಿದ್ದರೆ ಆ ಏಳು ಬರುತ್ತಿರಲಿಲ್ಲವೇ? ಹತ್ತು ವರ್ಷ ಪತ್ರಕರ್ತರ ಓಟಿಗೆ ನಿಂತು ಶೇಕಡಾ 40 ಕೂಡ ದಾಟಲಿಲ್ಲ. ಕೊನೆಗೆ 2022ರಲ್ಲಿ ಬೇರೆ ಸಮಿತಿ ಒಮ್ಮತದಿಂದ ಆರಿಸಿತು. ಲೂ ಗೆಹ್ರಿಗ್‌ದೂ ಸರಿಯಾಗಿ 493. ಗೆಹ್ರಿಗ್ ಕಾಯಿಲೆ ಬಿದ್ದು ಆಟ ಬಿಟ್ಟವನು, ಅವನನ್ನು ಯಾರೂ ಏಳು ಕಮ್ಮಿ ಅಂತ ಕೇಳಲಿಲ್ಲ.

ಪ್ರಶ್ನೆ: ಪಿಚರ್‌ಗಳಿಗೆ 300 ಗೆಲುವು ದೊಡ್ಡದಂತೆ. ಈಗ ಯಾರಾದರೂ ಮಾಡುತ್ತಾರಾ?
(ಬೆಂಗಳೂರು)

ಕಷ್ಟ. ಪಂದ್ಯ ಶುರು ಮಾಡಿದ ಪಿಚರ್ ಕಡೇ ಪಕ್ಷ ಐದು ಇನಿಂಗ್ಸ್ ಎಸೆದು, ತಂಡ ಮುಂದಿರುವಾಗ ಇಳಿದು, ಆ ಮುನ್ನಡೆ ಕೊನೆ ತನಕ ಉಳಿದರೆ ಗೆಲುವು ಅವನ ಹೆಸರಿಗೆ. ಹಿಂದೆ ಒಬ್ಬನೇ ಪೂರ್ತಿ ಪಂದ್ಯ ಎಸೆಯುತ್ತಿದ್ದ. ಈಗ ಐದಾರು ಇನಿಂಗ್ಸ್‌ಗೆ ಇಳಿಸಿ ಬೇರೆಯವರನ್ನು ತರುತ್ತಾರೆ. ಸರದಿ ಬರೋದು ಐದು ದಿನಕ್ಕೊಮ್ಮೆ, ವರ್ಷಕ್ಕೆ ಮೂವತ್ತು ಚಿಲ್ಲರೆ ಪಂದ್ಯ. ಅದರಲ್ಲಿ 20 ಗೆದ್ದು, ಹಾಗೆ 15 ವರ್ಷ ನಡೆಸಬೇಕು. 300 ದಾಟಿದವರು 24 ಜನ, ಕೊನೆಯವನು ರ್‍ಯಾಂಡಿ ಜಾನ್ಸನ್, 2009ರಲ್ಲಿ. ಜಸ್ಟಿನ್ ವರ್ಲ್ಯಾಂಡರ್ 2025ರ ಋತು ಮುಗಿದಾಗ 266ರಲ್ಲಿದ್ದ, ವಯಸ್ಸು 42. ನೀವೇ ಲೆಕ್ಕ ಹಾಕಿ.

ಗೆಲುವಿನ ಬೆಲೆಯೂ ಇಳಿದಿದೆ. 2018ರಲ್ಲಿ ಜೇಕಬ್ ಡಿಗ್ರಾಮ್ ಬರೀ 10 ಗೆದ್ದು 9 ಸೋತು, ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ತಗೊಂಡ. ಅವನು ಚೆನ್ನಾಗಿ ಎಸೆದ, ಅವನ ತಂಡದವರು ರನ್ ಹೊಡೆಯಲಿಲ್ಲ, ಅದಕ್ಕೆ ಅವನೇನು ಮಾಡಬೇಕು ಅಂತ ಓಟು ಹಾಕುವವರಿಗೆ ಈಗ ಅರ್ಥವಾಗಿದೆ. ಹಿಂದೆ ಅರ್ಥವಾಗಿರಲಿಲ್ಲ. 287 ಗೆದ್ದ ಬರ್ಟ್ ಬ್ಲೈಲೆವೆನ್ 14ನೇ ಸಲಕ್ಕೆ ಒಳಗೆ ಹೋದ. 288 ಗೆದ್ದ ಟಾಮಿ ಜಾನ್‌ಗೆ ಪತ್ರಕರ್ತರಿಂದ ಬೇಕಾದಷ್ಟು ಓಟು ಬರಲೇ ಇಲ್ಲ. 1974ರಲ್ಲಿ ಮೊಣಕೈ ಆಪರೇಷನ್ ಆಗಿ 1975 ಪೂರ್ತಿ ಆಡದೆ ಕೂತವನು ಅವನು. ಇವತ್ತು ಸಾವಿರಾರು ಪಿಚರ್‌ಗಳ ಕೈ ಉಳಿಸಿರುವ ಆಪರೇಷನ್‌ಗೆ ಅವನ ಹೆಸರೇ ಇದೆ. ಆ ಒಂದು ವರ್ಷ ಆಡಿದ್ದರೆ 12 ಗೆಲ್ಲುತ್ತಿರಲಿಲ್ಲವೇ?

ಅರ್ಲಿ ವಿನ್ ಅನ್ನುವವನ ಹಟವನ್ನೂ ಹೇಳಿಬಿಡುತ್ತೇನೆ. 1962 ಮುಗಿದಾಗ 299. ವಯಸ್ಸು 42, ತಂಡ ಕೈಬಿಟ್ಟಿತು. ಮಾರನೇ ವರ್ಷ ಮಧ್ಯದಲ್ಲಿ ಕ್ಲೀವ್‌ಲ್ಯಾಂಡ್ ಕರೆಯಿತು, ಗೌಟ್ ನೋವು ಬೇರೆ. ಜುಲೈ 13ರಂದು ಐದೇ ಐದು ಇನಿಂಗ್ಸ್ ಎಸೆದು ಇಳಿದ, ತಂಡದವರು ಹೇಗೋ ಗೆಲ್ಲಿಸಿಕೊಟ್ಟರು. 300. ಅದಾದ ಮೇಲೆ ಒಂದೂ ಗೆಲ್ಲಲಿಲ್ಲ.

ಸ್ಟ್ರೈಕ್‌ಔಟ್ ಕಥೆ ಇದರ ಉಲ್ಟಾ. 1923ರಲ್ಲಿ ವಾಲ್ಟರ್ ಜಾನ್ಸನ್ 3000 ಮಾಡಿದ, ಮುಂದಿನವನು ಬಾಬ್ ಗಿಬ್ಸನ್ ಬರೋಕೆ 1974ರ ತನಕ ಕಾಯಬೇಕಾಯಿತು. ಈಗ ಎಲ್ಲರೂ ಜೋರಾಗಿ ಬೀಸುತ್ತಾರೆ, ಜಾಸ್ತಿ ತಪ್ಪುತ್ತಾರೆ. ಕರ್ಶಾ 20ನೆಯವನು.

ಪ್ರಶ್ನೆ: ಜಪಾನ್‌ನಲ್ಲೂ ಬೇಸ್‌ಬಾಲ್ ಜೋರು. ಅಲ್ಲೂ 3000 ಲೆಕ್ಕವೇ?
(ಶಾಲಾ ಶಿಕ್ಷಕಿ, ಕಲಬುರಗಿ)

ಇಲ್ಲ ಮೇಡಂ, ಅಲ್ಲಿ 2000. ಅಲ್ಲಿ ವರ್ಷಕ್ಕೆ ಪಂದ್ಯ ಕಮ್ಮಿ, ಹಾಗಾಗಿ ಸೊನ್ನೆಗಳು ಅಷ್ಟೇ, ಮುಂದಿನ ಅಂಕಿ ಬೇರೆ. ಮೇಕ್ಯುಕೈ ಅಂತ 1978ರಲ್ಲಿ ಶುರುವಾದ ಒಂದು ಸಂಘ ಇದೆ. 2000 ಹಿಟ್, ಅಥವಾ 200 ಗೆಲುವು, ಅಥವಾ 250 ಸೇವ್ (ಪಿಚರ್ ಕೊನೆಗೆ ಬಂದು ತಂಡದ ಮುನ್ನಡೆ ಉಳಿಸಿಕೊಟ್ಟ ಪಂದ್ಯ) ಇದ್ದರೆ ಸದಸ್ಯತ್ವ. ಅಮೆರಿಕಕ್ಕೆ ಹೋಗಿ ಹೊಡೆದದ್ದನ್ನೂ ಅವರು ಕೂಡಿಸಿಕೊಳ್ಳುತ್ತಾರೆ. ಅಮೆರಿಕದವರು ಹಾಗೆ ಕೂಡಿಸುವುದಿಲ್ಲ. ಇಚಿರೊ ಸುಝುಕಿ ಜಪಾನ್‌ನಲ್ಲಿ 1278 ಹಿಟ್ ಹೊಡೆದು, 27ನೇ ವಯಸ್ಸಿಗೆ ಅಮೆರಿಕಕ್ಕೆ ಬಂದು, ಅಲ್ಲಿ ಮತ್ತೆ ಸೊನ್ನೆಯಿಂದ ಶುರು ಮಾಡಿ 3089 ಹೊಡೆದ. ಕೂಡಿಸಿದರೆ 4367, ಮೇಜರ್ ಲೀಗ್ ದಾಖಲೆಯಾದ ಪೀಟ್ ರೋಸ್‌ನ 4256ಕ್ಕಿಂತ ಜಾಸ್ತಿ. ಹಾಗೆ ಕೂಡಿಸಬಹುದಾ ಅಂತ ಇವತ್ತಿಗೂ ಜಗಳ ನಡೆಯುತ್ತಿದೆ. 2025ರ ಹಾಲ್ ಆಫ್ ಫೇಮ್ ಓಟಿನಲ್ಲಿ ಅವನಿಗೆ 394ರಲ್ಲಿ 393 ಬಂತು. ಆ ಒಬ್ಬ ಯಾರು ಅಂತ ನನ್ನನ್ನು ಕೇಳಬೇಡಿ.

ಪ್ರಶ್ನೆ: ಮುಂದಿನ 3000 ಯಾರು?
(ಮಂಡ್ಯ)

ಡಾಡ್ಜರ್ಸ್‌ನ ಫ್ರೆಡ್ಡಿ ಫ್ರೀಮನ್ 2025 ಮುಗಿದಾಗ 2400 ದಾಟಿದ್ದ. ಮಂಡಿ, ಬೆನ್ನು, ಭುಜ ಅಂತ ಮೊದಲೇ ಹೇಳಿದ್ದೇನೆ.

ಪ್ರಶ್ನೆ: ಇಷ್ಟೆಲ್ಲ ಸಂಖ್ಯೆ ಹೇಳುತ್ತೀರಲ್ಲ, ನಿಮಗೆ ಇಷ್ಟವಾದದ್ದು ಯಾವುದು?
(ಅದೇ ಮೈಸೂರಿನ ವಿದ್ಯಾರ್ಥಿ, ಪತ್ರದ ಕೊನೆಯಲ್ಲಿ)

1815. ಸೊನ್ನೆ ಇಲ್ಲದ್ದು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಸ್ಟ್ಯಾನ್ ಮ್ಯೂಸಿಯಲ್ 1958ರ ಮೇ 13ಕ್ಕೆ 3000ನೇ ಹಿಟ್ ಹೊಡೆದ. ಅವತ್ತು ಅವನನ್ನು ಆಡಿಸಬಾರದು, ಶಿಕಾಗೊ ಬಿಟ್ಟು ಸ್ವಂತ ಊರಿಗೆ ಹೋದ ಮೇಲೆ ನಮ್ಮ ಜನದ ಮುಂದೆ ಹೊಡೆಯಲಿ ಅಂತ ಕೂರಿಸಿದ್ದರು. ಪಂದ್ಯ ಕೈಬಿಡುತ್ತಿದೆ ಅನ್ನಿಸಿದಾಗ ಬ್ಯಾಟ್ ಕೊಟ್ಟು ಕಳಿಸಿದರು, ಹೋದವನೇ ಹೊಡೆದು ಬಂದ. ಆಮೇಲೂ ಐದು ವರ್ಷ ಆಡಿ 3630ಕ್ಕೆ ನಿಲ್ಲಿಸಿದ. ಎಲ್ಲ ಮುಗಿದ ಮೇಲೆ ಯಾರೋ ಕೂತು ಎಣಿಸಿದರು. ಸ್ವಂತ ಮೈದಾನದಲ್ಲಿ 1815, ಪರ ಊರಲ್ಲಿ 1815.